ಲೋಟದಡಿಯ ಮರದ ಬಿಲ್ಲೆ

ಗೌರಿಬಿದನೂರಿನಲ್ಲಿ ನನ್ನ ತಮ್ಮನ ಮನೆಯ ಊಟದ ಮೇಜಿನ ಮೇಲೆ ಒಂದು ಬಿಳಿ ಉಂಗುರ ಬಿದ್ದಿತ್ತು. ನಮ್ಮಮ್ಮನ ಕಾಫಿ ಲೋಟದ ಗುರುತು ಅದು. ಇಷ್ಟೇ ವಿಷಯ. ಇಷ್ಟು ಸಣ್ಣ ವಿಷಯಕ್ಕೆ ಮನೆಮಂದಿಯೆಲ್ಲ ಎಷ್ಟು ಒದ್ದಾಡಿದೆವು ಅಂತ ನೆನೆಸಿಕೊಂಡರೆ ನನಗೆ ಈಗಲೂ ಮೊದಲು ಕೋಪ ಬರುತ್ತೆ, ಅಳು ಆಮೇಲೆ. ನನ್ನ ಸ್ವಭಾವವೇ ಹಾಗೆ, ಕೋಪ ಮೂಗಿನ ತುದೀಲೇ ಕೂತಿರುತ್ತೆ. ಯಾರ ಮೇಲೆ ಕೋಪ ಅಂತ ಕೇಳಿದರೆ ಮಾತ್ರ ಹೇಳೋಕೆ ಗೊತ್ತಾಗಲ್ಲ. ಅಲ್ಲಿ ಕೆಟ್ಟವರು ಯಾರೂ ಇರಲಿಲ್ಲ.

ಎರಡು ಸಾವಿರದ ನಾಲ್ಕೋ ಐದೋ ಇರಬೇಕು. ಆಗ ನಾವಿನ್ನೂ ಕೋಲಾರ ಜಿಲ್ಲೆಯವರು. ನಾನು ಚಿಂತಾಮಣಿಗೆ ಮದುವೆಯಾಗಿ ಹೋಗಿ, ಅಲ್ಲೇ ಒಂದು ಪ್ರೈಮರಿ ಸ್ಕೂಲಿನಲ್ಲಿ ಪಾಠ ಹೇಳ್ತಿದ್ದೆ. ತಮ್ಮನಿಗೆ ಗೌರಿಬಿದನೂರಿನ ಪಶು ಆಸ್ಪತ್ರೆಯಲ್ಲಿ ಕೆಲಸ, ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಅಪ್ಪ ಅಮ್ಮ ಶಿಡ್ಲಘಟ್ಟದಲ್ಲಿ. ಶನಿವಾರ ಸ್ಕೂಲು ಅರ್ಧ ದಿನಕ್ಕೆ ಬಿಡ್ತಿದ್ದಂತೆ ನಾನು ಬಸ್ಸು ಹತ್ತಿ ಅಮ್ಮನ ಮನೆಗೆ ಹೋಗಿ, ಅಮ್ಮನ ಜೊತೆ ಜಗಳ ಆಡಿ, ಊಟ ಮಾಡಿ, ಭಾನುವಾರ ಸಂಜೆ ವಾಪಸ್ ಬರೋದು ರೂಢಿ.

ಅಪ್ಪ ರೇಷ್ಮೆ ನೂಲು ಬಿಚ್ಚೋ ಕೆಲಸದಲ್ಲೇ ಮುದುಕರಾದವರು. ಮನೆ ಹಿಂದೆ ಶೆಡ್ಡು, ಶೆಡ್ಡಿನಲ್ಲಿ ಒಲೆ, ಒಲೆ ಮೇಲೆ ಕುದಿಯೋ ನೀರಲ್ಲಿ ತೇಲೋ ರೇಷ್ಮೆಗೂಡು, ಪಕ್ಕದಲ್ಲಿ ತಿರುಗೋ ಚರಕ. ಆ ಬೆಂದ ಹುಳದ ವಾಸನೆ ನಮ್ಮ ಬಟ್ಟೆ, ಪುಸ್ತಕ, ಕೊನೆಗೆ ಅನ್ನದಲ್ಲೂ ಇರ್ತಿತ್ತು. ನಮಗದು ವಾಸನೆ ಅಂತಲೇ ಗೊತ್ತಿರಲಿಲ್ಲ, ಬೇರೆ ಊರಿಗೆ ಹೋದ ಮೇಲೇ ಗೊತ್ತಾಗಿದ್ದು. ತಮ್ಮನ ಮದುವೆಯ ಹೊತ್ತಿಗೆ ಚೀನಾ ರೇಷ್ಮೆ ಬಂದು ನಮ್ಮ ಕಡೆ ಚರಕಗಳು ಒಂದೊಂದಾಗಿ ನಿಂತವು. ಅಪ್ಪನದೂ ನಿಂತಿತು. ಅಪ್ಪ ಅದಕ್ಕೇನೂ ಕಣ್ಣೀರು ಹಾಕಲಿಲ್ಲ. ಆದರೆ ಕೈ ಸುಮ್ಮನೆ ಇರ್ತಿರಲಿಲ್ಲ. ಪೇಪರ್ ಓದೋವಾಗಲೂ ಎರಡು ಬೆರಳು ನೂಲು ಹುಡುಕ್ತಿದ್ದವು.

ಈಗ ಮೇಜಿನ ವಿಷಯ. ಅದು ತಮ್ಮನ ಹೆಂಡತಿಯ ತವರಿನವರು ಮದುವೆಯಲ್ಲಿ ಕೊಟ್ಟಿದ್ದು. ಒಳ್ಳೇ ಮರ, ಮುಖ ನೋಡ್ಕೊಳ್ಳೋ ಹಾಗೆ ಹೊಳೆಯೋ ಪಾಲಿಶ್. ಅಪ್ಪ, ಅಮ್ಮ, ನಾನು ಮೊದಲ ಸಲ ಅವರ ಮನೆಗೆ ಹೋದಾಗ ಆ ಹುಡುಗಿ ಅಡುಗೆಮನೆಯಿಂದ ಕಾಫಿ ತಂದುಕೊಟ್ಟಳು. ನಮ್ಮಮ್ಮನಿಗೆ ಕಾಫಿ ಅಂದರೆ ಬಾಯಿ ಸುಡಬೇಕು. ಸ್ಟೀಲ್ ಲೋಟ ಕೈಗೆ ತಗೊಂಡು, ಬಿಸಿ ತಡೆಯಲಾರದೆ ಪಟ್ಟಂತ ಮೇಜಿನ ಮೇಲಿಟ್ಟಳು. ಶಿಡ್ಲಘಟ್ಟದಲ್ಲಿ ಕಡಪಾ ಕಲ್ಲಿನ ಕಟ್ಟೆ ಮೇಲೆ ಇಟ್ಟು ಅಭ್ಯಾಸ, ಕಲ್ಲಿಗೇನಾಗುತ್ತೆ. ಇಲ್ಲಿ ಲೋಟ ಎತ್ತಿದಾಗ ಅಡಿಯಲ್ಲಿ ಬೆಳ್ಳಗೆ ಒಂದು ದುಂಡನೆ ಗುರುತು.

"ಅಯ್ಯೋ ಅತ್ತೆ, ಕೆಳಗೆ ಒಂದು ಪೇಪರ್ ಆದ್ರೂ ಇಡಬೇಕಿತ್ತು" ಅಂದಳು ಆ ಹುಡುಗಿ. ಜೋರಾಗಿ ಅಲ್ಲ, ಕೊಂಕಾಗಿಯೂ ಅಲ್ಲ. ಬಾಯಿಗೆ ಬಂದಿದ್ದು ಅಂದಳು, ಅಷ್ಟೆ. ನಾನಾಗಿದ್ದರೆ ಇದರ ಹತ್ತರಷ್ಟು ಅಂದಿರ್ತಿದ್ದೆ. ಅವಳು ತನ್ನ ಸೆರಗಿನಿಂದ ಗುರುತು ಉಜ್ಜಿದಳು, ಹೋಗಲಿಲ್ಲ. ತಮ್ಮ "ಬಿಡೇ, ಏನೀಗ" ಅಂದ. ಅಮ್ಮ "ಪೋನೀಲೇಮ್ಮ" ಅಂದಳು. ಅಮ್ಮನ ತವರು ಆಂಧ್ರದ ಗಡಿಗೆ ಅಂಟಿಕೊಂಡ ಹಳ್ಳಿ, ಹೋಗ್ಲಿ ಬಿಡು ಅನ್ನೋದನ್ನ ಅವಳು ಯಾವಾಗಲೂ ತೆಲುಗಿನಲ್ಲೇ ಅನ್ನೋಳು. ಯಾರೋ ತಪ್ಪು ಮಾಡಿದಾಗ ಕ್ಷಮಿಸೋಕೆ ಬಳಸೋ ಮಾತದು. ಅವತ್ತು ತನಗೆ ತಾನೇ ಹೇಳಿಕೊಂಡಂಗಿತ್ತು.

ಸಂಜೆ ಮತ್ತೆ ಕಾಫಿ ಬಂತು. ಎಲ್ಲರೂ ಮೇಜಿನ ಸುತ್ತ ಕೂತ್ವಿ. ಅಮ್ಮ ಮಾತ್ರ ಲೋಟವನ್ನ ಸೆರಗಲ್ಲಿ ಸುತ್ತಿ ಹಿಡ್ಕೊಂಡು ಬಾಗಿಲ ಹತ್ತಿರ ನಿಂತು ಕುಡಿದಳು. "ಕೂತ್ಕೊಳ್ಳಿ ಅತ್ತೆ" ಅಂದರೆ "ಗಾಳಿ ಚೆನ್ನಾಗಿದೆ ಕಣಮ್ಮ ಇಲ್ಲಿ" ಅಂದಳು. ಗೌರಿಬಿದನೂರಿನ ಬೇಸಿಗೆ ಸಂಜೆ, ಎಲೆ ಅಲ್ಲಾಡ್ತಿರಲಿಲ್ಲ.

ಆಮೇಲೆ ಅಮ್ಮ ಆ ಮನೆಗೆ ಹೋಗೋದನ್ನೇ ಬಿಟ್ಟಳು. ಬಿಟ್ಟೆ ಅಂತ ಅವಳೂ ಹೇಳಲಿಲ್ಲ, ಬಿಟ್ಟಿದ್ದೀಯ ಅಂತ ನಾವೂ ಕೇಳಲಿಲ್ಲ. ನಮ್ಮ ಮನೆಯ ರೀತಿಯೇ ಅದು. ನೋವಾದ ವಿಷಯ ಬಿಟ್ಟು ಬೇರೆಲ್ಲ ಮಾತಾಡ್ತೀವಿ. ತಮ್ಮ ಕರೆದಾಗೆಲ್ಲ ಅಮ್ಮನಿಗೊಂದು ನೆಪ: ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಾಯಿಸಬೇಕು, ಮಂಚೇನಹಳ್ಳಿ ರಸ್ತೆ ತಿರುವಿನಲ್ಲಿ ವಾಂತಿ ಬರುತ್ತೆ, ಹಸು ಇವತ್ತೋ ನಾಳೆಯೋ ಕರು ಹಾಕುತ್ತೆ, ಮಂಡಿ ನೋವು, ಏಕಾದಶಿ. ಹಬ್ಬಕ್ಕೆ ತಮ್ಮ ಹೆಂಡತಿ ಸಮೇತ ತಾನೇ ಬರ್ತಿದ್ದ. ಬಂದಾಗ ಅಮ್ಮ ಸೊಸೆಗೆ ತಲೆ ಬಾಚಿ ಹೂ ಮುಡಿಸಿ, ಒಬ್ಬಟ್ಟಿನ ಮೇಲೆ ತುಪ್ಪ ಸುರೀತಿದ್ದಳು. ಅದರಲ್ಲಿ ನಾಟಕ ಇರಲಿಲ್ಲ. ಸೊಸೆ ಮೇಲೆ ಅವಳಿಗೆ ಕೋಪವೇ ಇರಲಿಲ್ಲ, ನಾಚಿಕೆ ಇತ್ತು. ಕೋಪ ಆಗಿದ್ದರೆ ಎಷ್ಟೋ ವಾಸಿ, ಒಂದು ದಿನ ಕೂಗಾಡಿ ಮುಗೀತಿತ್ತು. ನನಗೆ ಕೋಪದ ವಿಷಯ ಚೆನ್ನಾಗಿ ಗೊತ್ತು.

ಆ ನಾಚಿಕೆ ಎಷ್ಟು ಗಟ್ಟಿಯಾಗಿದೆ ಅಂತ ನಮಗೆ ಗೊತ್ತಾಗಿದ್ದು ವಿದುರಾಶ್ವತ್ಥದಿಂದ. ಬೀದಿಯ ಹೆಂಗಸರೆಲ್ಲ ಸೇರಿ ನಾಗರಕಲ್ಲಿಗೆ ಹಾಲೆರೆಯೋಕೆ ಅಲ್ಲಿಗೆ ಹೋದರು, ಅಮ್ಮನೂ ಹೋದಳು. ವಿದುರಾಶ್ವತ್ಥಕ್ಕೆ ಗೌರಿಬಿದನೂರಿನ ಮೇಲೇ ಹೋಗಬೇಕು. ತಮ್ಮನ ಮನೆ ಬಸ್‌ಸ್ಟ್ಯಾಂಡಿನಿಂದ ಕೂಗಿದರೆ ಕೇಳೋ ದೂರ. ಅಮ್ಮ ಹೋಗ್ತಾ ಇಳಿಯಲಿಲ್ಲ, ಬರ್ತಾ ಇಳಿಯಲಿಲ್ಲ. ಮಗನಿಗೆ ಅಂತ ತಂದಿದ್ದ ಪ್ರಸಾದ ಹಾಗೇ ಶಿಡ್ಲಘಟ್ಟಕ್ಕೆ ವಾಪಸ್ ಬಂತು. ಜೊತೆಯವರು ಮಾತಿಗೆ ಮಾತು ಬಂದು ಅಪ್ಪನ ಹತ್ತಿರ ಹೇಳಿದರು. ಅವತ್ತು ಅಪ್ಪ ಊಟ ಅರ್ಧಕ್ಕೇ ಬಿಟ್ಟು ಕೈ ತೊಳೆದರಂತೆ.

ಅದಾಗಿ ಸ್ವಲ್ಪ ದಿನಕ್ಕೆ ಅಪ್ಪ ಚಿಕ್ಕಬಳ್ಳಾಪುರದಲ್ಲಿ ಪರಿಚಯದವರ ಮಗನ ಆರತಕ್ಷತೆಗೆ ಹೋಗಿದ್ದರು. ದೊಡ್ಡ ಹೋಟೆಲಿನಲ್ಲಿ. ಜ್ಯೂಸಿನ ಗ್ಲಾಸಿನ ಕೆಳಗೆ ದುಂಡನೆ ರಟ್ಟಿನ ಬಿಲ್ಲೆ ಇಟ್ಟುಕೊಟ್ಟರಂತೆ. ಅಪ್ಪ ಜ್ಯೂಸು ಕುಡಿದು, ಬಿಲ್ಲೆಯನ್ನ ಶರಟಿನ ಜೇಬಿಗೆ ಹಾಕ್ಕೊಂಡು ಬಂದಿದ್ದರು. ಶನಿವಾರ ನಾನು ಹೋದಾಗ ಶೆಡ್ಡಿಗೆ ಕರೆದು ತೋರಿಸಿದರು. ಮದುವೆ ಮನೆಯಿಂದ ರಟ್ಟು ಕದ್ದು ತಂದಿದ್ದಾರೆ ಅಂತ ನನಗೆ ನಗು.

"ಇದನ್ನ ಮರದಲ್ಲಿ ಮಾಡಣ ಕಣಮ್ಮ. ಒಂದು ಆರು. ಅಮ್ಮನ ಕೈಲೇ ಕೊಡಿಸಣ. ಸೊಸೆಗೆ ಅಂತ. ಆವಾಗ ಅವಳು ಹೋಗ್ತಾಳೆ, ಆ ಮೇಜಿನ ಮುಂದೆ ಕೂತ್ಕೋತಾಳೆ."

"ಅಂಗಡೀಲಿ ಸಿಗುತ್ತೆ ಕಣಪ್ಪ, ನಾನೇ ತಂದುಕೊಡ್ತೀನಿ" ಅಂದೆ.

"ಅಂಗಡೀದು ತಗೊಂಡು ಹೋದ್ರೆ ಆ ಹುಡುಗೀಗೆ ಚುಚ್ಚಿದಂಗಾಗುತ್ತೆ. ನೀನು ಅವತ್ತು ಅಂದೆಯಲ್ಲ, ತಗೋ ಅಂತ ಮುಖಕ್ಕೆ ಹಿಡಿದಂಗೆ. ಕೈಯಾರೆ ಮಾಡಿದ್ದು ಅಂದ್ರೆ ಪ್ರೀತಿಯಿಂದ ಮಾಡಿದ್ದು ಅನ್ಕೋತಾಳೆ."

ಅಪ್ಪ ಇಷ್ಟು ಯೋಚನೆ ಮಾಡ್ತಾರೆ ಅಂತ ನನಗೆ ಗೊತ್ತಿರಲಿಲ್ಲ. ನನಗಂತೂ ಇಂಥ ಸೂಕ್ಷ್ಮ ಎಲ್ಲ ಹೊಳೆಯೋದೇ ಇಲ್ಲ. ಆಯ್ತು ಅಂದೆ.

ಶೆಡ್ಡಿನ ಪಕ್ಕ ಒಂದು ಹಿಪ್ಪುನೇರಳೆ ಮರ ಇತ್ತು. ರೇಷ್ಮೆ ಹುಳಕ್ಕೆ ಹಾಕೋ ಸೊಪ್ಪಿನ ಗಿಡವೇ. ಹೊಲದಲ್ಲಿ ಅದನ್ನ ಸವರಿ ಸವರಿ ಸೊಂಟದೆತ್ತರಕ್ಕೆ ಇಟ್ಟಿರ್ತಾರೆ. ನಮ್ಮದನ್ನ ಯಾರೂ ಸವರದೆ ಅದು ಶೆಡ್ಡಿನ ಹೆಂಚಿನ ಮೇಲಕ್ಕೆ ಬೆಳೆದು ನಿಂತಿತ್ತು. ಶಿವರಾತ್ರಿ ಕಳೆದ ಮೇಲೆ ಅಪ್ಪ ಅದರ ಒಂದು ಕೊಂಬೆ ಕೆಡವಿದರು. ಲೋಟದ ತಳಕ್ಕಿಂತ ಒಂದು ಬೆರಳು ಅಗಲ ಇತ್ತು. ಗರಗಸದಲ್ಲಿ ಕೊಯ್ದರೆ ಒಳಗೆಲ್ಲ ಅರಿಶಿನದ ಬಣ್ಣ. ನಾನು ಕೊಂಬೆ ಅದುಮಿ ಹಿಡ್ಕೊಂಡಿದ್ದೆ, ಅಪ್ಪ ಕೊಯ್ದರು. ಒಂದು ಕಡೆ ದಪ್ಪ, ಒಂದು ಕಡೆ ತೆಳು, ಓರೆಕೋರೆ. ಅಮ್ಮ ಹಿತ್ತಲ ಬಾಗಿಲಲ್ಲಿ ನಿಂತು ನೋಡಿ, "ಇವರಿಗೆ ಸೌತೇಕಾಯಿ ಹೆಚ್ಚೋಕೂ ಬರಲ್ಲ, ಮರ ಹೆಚ್ಚೋಕೆ ಕೂತವ್ರೆ" ಅಂದಳು.

ಏನಕ್ಕೆ ಅಂತ ಅವಳಿಗೆ ಹೇಳಿರಲಿಲ್ಲ. ಕೇಳಲೂ ಇಲ್ಲ. ಆದರೆ ಎಲ್ಲ ಗೊತ್ತಾಗಿತ್ತು ಅಂತ ನನ್ನ ಅನುಮಾನ. ಸಂಜೆ ತನ್ನ ಕಾಫಿ ಲೋಟ ತಂದು ಒಂದು ಬಿಲ್ಲೆ ಮೇಲಿಟ್ಟು, ಎತ್ತಿ, ಮತ್ತೆ ಇಟ್ಟು, "ಅಲ್ಲಾಡುತ್ತೆ" ಅಂತ ಮಾತ್ರ ಹೇಳಿ ಹೋದಳು.

ಇಲ್ಲಿ ಅಪ್ಪ ಒಂದು ತಪ್ಪು ಮಾಡಿದರು. ನೂಲು ಬಿಚ್ಚೋರು ಮಾತ್ರ ಮಾಡಬಹುದಾದ ತಪ್ಪು. ಮಾರ್ಕೆಟ್ಟಿನಿಂದ ತಂದ ರೇಷ್ಮೆಗೂಡಿನ ಒಳಗೆ ಹುಳ ಜೀವಂತ ಇರುತ್ತೆ. ಸುಮ್ಮನೆ ಇಟ್ಟರೆ ಅದು ಚಿಟ್ಟೆಯಾಗಿ ಗೂಡು ತೂತು ಮಾಡ್ಕೊಂಡು ಹಾರಿಹೋಗುತ್ತೆ, ನೂಲೆಲ್ಲ ತುಂಡು ತುಂಡು. ಅದಕ್ಕೆ ಗೂಡು ಮನೆಗೆ ಬರ್ತಿದ್ದಂತೆ ಬುಟ್ಟಿಗೆ ತುಂಬಿ ಹಬೆ ಕೊಟ್ಟು, ಉರಿ ಬಿಸಿಲಿಗೆ ಹರವಿ, ಒಣಗಿಸಿಬಿಡಬೇಕು. ಅಪ್ಪನ ಇಡೀ ಜೀವನದ ಭಯವೇ ಅದು, ಇಟ್ಟರೆ ಕೆಡುತ್ತೆ. ನೆಂಟರು ಬರಲಿ, ಸಾವು ಬರಲಿ, ಗೂಡು ಕಾಯೋದಿಲ್ಲ. ಹಸಿ ಬಿಲ್ಲೆಗಳನ್ನ ನೋಡಿದಾಗಲೂ ಅವರ ಕೈ ತಾನಾಗಿಯೇ ಅದೇ ಕೆಲಸ ಮಾಡಿತು. ನಿಂತುಹೋಗಿದ್ದ ಒಲೆ ಹಚ್ಚಿದರು. ಹಳೇ ಬುಟ್ಟಿ ಹುಡುಕಿ, ಬಿಲ್ಲೆ ಜೋಡಿಸಿ, ಹಬೆ ಕೊಟ್ಟರು. ಆಮೇಲೆ ಬಿದಿರು ತಟ್ಟೆಯಲ್ಲಿ ಹರವಿ ತಾರಸಿ ಮೇಲೆ ಮಟಮಟ ಮಧ್ಯಾಹ್ನದ ಬಿಸಿಲಿಗೆ ಇಟ್ಟರು. ಎಷ್ಟೋ ದಿನದ ಮೇಲೆ ಅಪ್ಪ ಓಡಾಡಿಕೊಂಡು ಕೆಲಸ ಮಾಡಿದ್ದು ಅದೇ. ನನಗೂ ಸರಿ ಅನ್ನಿಸಿತ್ತು. ನಾನೂ ಆ ಮನೆಯಲ್ಲೇ ಬೆಳೆದವಳಲ್ಲವೆ.

ಮುಂದಿನ ಶನಿವಾರ ಹೋದಾಗ ಎಲ್ಲ ಬಿಲ್ಲೆ ಸೀಳಿದ್ದವು. ಅಂಚಿನಿಂದ ನಡುವಿನ ತನಕ ಬಾಯಿ ಬಿಟ್ಟುಕೊಂಡಿದ್ದವು, ಯಾರೋ ಒಂದು ಪಾಲು ಕತ್ತರಿಸಿ ತಿಂದಂಗೆ. ಅಪ್ಪ ಜಗಲಿ ಮೇಲೆ ಕೂತು ಒಂದೊಂದನ್ನೇ ತಿರುಗಿಸಿ ನೋಡ್ತಿದ್ದರು. ಅಮ್ಮ ಸೆರಗು ಬಾಯಿಗೆ ಅಡ್ಡ ಇಟ್ಟುಕೊಂಡು ನಕ್ಕಳು, ಕಣ್ಣಲ್ಲಿ ನೀರು ಬರೋ ತನಕ ನಕ್ಕಳು. "ಚಿಟ್ಟೆ ಹಾರಿಹೋಗಿರಬೇಕು ನೋಡ್ರಿ" ಅಂದಳು. ಅಪ್ಪನೂ ನಕ್ಕರು. ಅವರಿಬ್ಬರೂ ಸೇರಿ ಹಾಗೆ ನಕ್ಕಿದ್ದು ನಾನು ನೋಡಿದ್ದು ಅದೇ ಕೊನೆ ಇರಬೇಕು. ಆ ಸೀಳಿದ ಬಿಲ್ಲೆಗಳಲ್ಲಿ ಒಂದನ್ನಾದರೂ ಎತ್ತಿಟ್ಟುಕೊಳ್ಳಬೇಕಿತ್ತು. ಎಲ್ಲ ನೀರೊಲೆಗೆ ಹೋದವು.

ಒಂದು ಬಿಲ್ಲೆ ಮಾತ್ರ ಸೀಳದೆ ಉಳಿದಿತ್ತು. ಕೊಯ್ಯೋವಾಗ ಉರುಳಿಹೋಗಿ ಹಸುವಿಗೆ ನೀರಿಡೋ ಕಲ್ಲಿನ ದೋಣಿ ಹಿಂದೆ ನೆರಳಲ್ಲಿ ಬಿದ್ದಿತ್ತು, ಅಮ್ಮ ಕಸ ಗುಡಿಸುವಾಗ ಸಿಕ್ಕಿತು. ಅಪ್ಪ ಅದನ್ನ ಎಷ್ಟೋ ಹೊತ್ತು ನೋಡಿ, "ಹಂಗಾದ್ರೆ ಇದಕ್ಕೆ ಬಿಸಿಲು ಬೇಡ, ಸುಮ್ಮನೆ ಬಿಡಬೇಕು" ಅಂದರು. ಸುಮ್ಮನೆ ಬಿಡೋದು ಅನ್ನೋ ಮಾತು ಅಪ್ಪನ ಬಾಯಲ್ಲಿ ಕೇಳಿ ನನಗೆ ವಿಚಿತ್ರ ಅನ್ನಿಸಿತು.

ಯುಗಾದಿ ಹೊತ್ತಿಗೆ ಇನ್ನೊಂದು ಕೊಂಬೆ ಕೆಡವಿ, ಈ ಸಲ ನಿಧಾನವಾಗಿ, ಸಮವಾಗಿ ಕೊಯ್ದರು. ಗೂಡು ತುಂಬಿಡ್ತಿದ್ದ ಕೋಣೆ ಖಾಲಿ ಇತ್ತಲ್ಲ, ಅದರ ಕಿಟಕಿ ಮುಚ್ಚಿ, ಗೋಣಿತಾಟಿನ ಮೇಲೆ ಜೋಡಿಸಿ, ಮೇಲೊಂದು ಗೋಣಿತಾಟು ಹೊದಿಸಿದರು. ಯಾರೂ ಮುಟ್ಟಕೂಡದು ಅಂತ ಅಪ್ಪಣೆ. ಪಕ್ಕದ ಮನೆಯ ಸಾಬರ ಹೆಂಗಸು, ಅವರೂ ಹಳೇ ನೂಲಿನವರೇ, ಒಂದು ಸಲ ಬಂದಾಗ ಬಿಲ್ಲೆ ನೋಡಿ, "ನೀರಿನ ಚೊಂಬಿಗೆ ಮುಚ್ಚಳ ಮಾಡಿದ್ರಾ? ಚೆಂದ ಇದೆ" ಅಂದರು. ಲೋಟದ ಕೆಳಗಿಡೋಕೆ ಅಂದರೆ ಅವರಿಗೆ ನಂಬಿಕೆಯೇ ಬರಲಿಲ್ಲ. ನಿಜ ಹೇಳಬೇಕಂದರೆ ನಮ್ಮ ಕಡೆ ಲೋಟದ ಮೇಲೆ ಏನಾದರೂ ಮುಚ್ಚೋದು ಗೊತ್ತೇ ಹೊರತು ಕೆಳಗೆ ಇಡೋದು ಯಾರಿಗೆ ಗೊತ್ತಿತ್ತು.

ಈಗ ಅಮ್ಮನಿಗೆ ಹೊಸ ನೆಪ ಸಿಕ್ಕಿತು. ಅದು ನೆಪವೋ ಆಸೆಯೋ ನನಗೆ ಇವತ್ತಿಗೂ ತಿಳಿಯದು. ತಮ್ಮ ಫೋನ್ ಮಾಡಿ "ಯಾವಾಗ ಬರ್ತೀಯಮ್ಮ" ಅಂತ ಕೇಳಿದರೆ "ಬರ್ತೀನಿ ಕಣಪ್ಪ, ಅಪ್ಪ ಏನೋ ಮಾಡ್ತಾವ್ರೆ, ಅದು ಒಣಗಲಿ, ತಗೊಂಡೇ ಬರ್ತೀನಿ" ಅನ್ನೋಳು. ಮೊದಲು ಮಂಡಿ ನೋವು, ಹಸು ಅಂತಿದ್ದವಳು ಈಗ ಬರ್ತೀನಿ ಅಂತಿದ್ದಾಳೆ, ಅದೇ ನಮಗೆ ದೊಡ್ಡದಾಗಿ ಕಂಡಿತು. ಏನು ಮಾಡ್ತಿದ್ದಾರೆ ಅಂತ ಮಾತ್ರ ಹೇಳಲಿಲ್ಲ. ನಾನೂ ತಮ್ಮನಿಗೆ ಹೇಳಲಿಲ್ಲ. ಹೇಳಿದರೆ ಆ ಉಂಗುರದ ಮಾತು ಎತ್ತಬೇಕಾಗ್ತಿತ್ತು.

ಬಿಲ್ಲೆ ಮುಟ್ಟಕೂಡದು ಅಂತ ಅಪ್ಪ ಹೇಳಿದ್ದು ಎಲ್ಲರಿಗೂ, ಅಮ್ಮನನ್ನ ಬಿಟ್ಟು. ಅವಳು ಕೋಣೆಗೆ ಹೋಗಿ ಗೋಣಿತಾಟು ಸರಿಸಿ, ಒಂದೊಂದನ್ನೇ ತೆಗೆದು ಕೆನ್ನೆಗೆ ಇಟ್ಟುಕೊಳ್ಳೋಳು. ಮಳೆಗಾಲದಲ್ಲಿ ಬಟ್ಟೆ ಒಣಗಿದೆಯಾ ಅಂತ ಹೆಂಗಸರು ನೋಡ್ತಾರಲ್ಲ, ಹಾಗೆ. "ತಣ್ಣಗಿದೆ. ಇನ್ನೂ ನೀರಿದೆ" ಅಂತ ಹೇಳಿ, ಮಗುಚಿ ಇಟ್ಟು ಬರೋಳು. ಆಷಾಢದಲ್ಲಿ ತಣ್ಣಗೆ. ಗೌರಿ ಹಬ್ಬದಲ್ಲೂ ತಣ್ಣಗೆ. ಅರಿಶಿನದ ಬಣ್ಣ ಮಾತ್ರ ಇಳಿದು ಬೆಲ್ಲದ ಬಣ್ಣಕ್ಕೆ ತಿರುಗ್ತಾ ಬಂತು. ನನಗೆ ತಡೆಯೋಕಾಗಲ್ಲ ಇಂಥದ್ದು. ದಸರಾ ರಜದಲ್ಲಿ ಹೋದಾಗ ರೇಗಿದೆ.

"ಏನಮ್ಮ ಇದು, ಮರ ಒಣಗೋದಕ್ಕೂ ಮಗನ ಮನೆಗೆ ಹೋಗೋದಕ್ಕೂ ಏನು ಸಂಬಂಧ? ನಡಿ, ನಾಳೆನೇ ಹೋಗಣ. ಪೇಪರ್ ಹಾಕ್ಕೊಂಡು ಅದರ ಮೇಲೆ ಇಟ್ಟು ಕುಡಿ."

ಅಮ್ಮ ಹುಣಸೆಹಣ್ಣಿನ ಬೀಜ ಬಿಡಿಸ್ತಾ ಕೂತಿದ್ದಳು. ತಲೆ ಎತ್ತಲಿಲ್ಲ. "ಪೇಪರ್ ಹಾಕ್ಕೊಂಡ್ರೆ ಆ ಮಗು ಅವತ್ತು ಅಂದಿದ್ದು ನೆನಪಿಟ್ಕೊಂಡಿದ್ದೀನಿ ಅಂತ ತಿಳ್ಕೊಳ್ಳುತ್ತೆ ಕಣೇ. ಅದಕ್ಕೆ ನೋವಾಗುತ್ತೆ. ನಿಮ್ಮಪ್ಪ ಮಾಡ್ತಾವ್ರಲ್ಲ, ಆಗ್ಲಿ. ಸಂಕ್ರಾಂತಿಗೆ ಅವರೆಕಾಯಿ ಸೊಗಡು ಬಂದಿರುತ್ತೆ. ಹಿತಕಿದ ಬೇಳೆ ಮಾಡಿಕೊಡಬೇಕು ಅವನಿಗೆ. ಎರಡೂ ತಗೊಂಡು ಹೋಗಣ."

ಗಂಡ ಹೆಂಡತಿ ಇಬ್ಬರೂ ಒಂದೇ ಮಾತು, ಆ ಹುಡುಗಿಗೆ ನೋವಾಗಬಾರದು. ಒಬ್ಬರಿಗೊಬ್ಬರು ಹೇಳಿಕೊಂಡಿದ್ದರೋ ಇಲ್ಲವೋ. ಆಮೇಲೆ ತಮ್ಮನ ಫೋನ್ ಬಂದಾಗ ಅವನಿಗೂ ಸಂಕ್ರಾಂತಿಗೆ ಬರ್ತೀನಿ ಅಂತಲೇ ಹೇಳಿದಳು. ಸಂಕ್ರಾಂತಿ ಅಂತ ಒಂದು ಗಡುವು ಬಂತಲ್ಲ, ಇನ್ನೇನು, ಹೋಗೇ ಹೋಗ್ತಾಳೆ ಅಂದುಕೊಂಡೆ. ಅವಸರ ಮಾಡಿದರೆ ಅಮ್ಮನೂ ಸೀಳಿಬಿಡ್ತಾಳೇನೋ ಅಂತ ಎಲ್ಲರೂ ಅವಳನ್ನ ನೆರಳಲ್ಲೇ ಬಿಟ್ಟೆವು. ಬಿಲ್ಲೆಗೆ ಅವಸರ ಮಾಡಬಾರದಿತ್ತು, ಮಾಡಿದೆವು. ಅಮ್ಮನಿಗೆ ಮಾಡಬೇಕಿತ್ತು, ಅಲ್ಲಿ ಕೈ ಕಟ್ಟಿ ಕೂತೆವು. ಇದೊಂದೇ ನನಗೆ ಇವತ್ತಿಗೂ ನುಂಗೋಕಾಗದ ತುತ್ತು.

ಧನುರ್ಮಾಸದಲ್ಲಿ ಒಂದು ಬೆಳಿಗ್ಗೆ ಅಮ್ಮ ಬಾಗಿಲಿಗೆ ನೀರು ಹಾಕಿ, ರಂಗೋಲಿ ಇಟ್ಟು, ಒಳಗೆ ಬಂದು ಎದೆ ಹಿಡಿದುಕೊಂಡು ಕೂತಳು. ಅಪ್ಪ ಆಟೋ ಕರೆತರೋಷ್ಟರಲ್ಲಿ ಮುಗಿದಿತ್ತು. ನಾನು ಚಿಂತಾಮಣಿಯಿಂದ ಬಂದು ಇಳಿದಾಗ ಬಾಗಿಲಲ್ಲಿ ರಂಗೋಲಿ ಇನ್ನೂ ಅಳಿಸಿರಲಿಲ್ಲ, ಜನ ಅದನ್ನ ದಾಟಿಕೊಂಡು ಒಳಗೆ ಹೋಗ್ತಿದ್ದರು. ತಮ್ಮ ಹೆಂಡತಿ ಜೊತೆ ಬಂದ. ಆ ಹುಡುಗಿ ಅಮ್ಮನ ಕಾಲ ಹತ್ತಿರ ಕೂತು, "ಅತ್ತೆ ಸಂಕ್ರಾಂತಿಗೆ ಬರ್ತೀನಿ ಅಂದಿದ್ರು" ಅಂತ ಅದೊಂದೇ ಮಾತು ಎಲ್ಲರಿಗೂ ಹೇಳ್ತಿದ್ದಳು. ಅಡುಗೆಮನೆಯ ಮೂಲೇಲಿ ಅವರೆಕಾಯಿ ಚೀಲ ಕಟ್ಟಿದ್ದು ಕಟ್ಟಿದ ಹಾಗೇ ಇತ್ತು.

ಕರ್ಮ, ತಿಥಿ ಎಲ್ಲ ಮುಗಿದ ಮೇಲೆ ನಾನು ರಜ ಹಾಕಿ ಸ್ವಲ್ಪ ದಿನ ಅಪ್ಪನ ಜೊತೆ ಇದ್ದೆ. ಒಂದು ಮಧ್ಯಾಹ್ನ ಅಪ್ಪ ಕಾಣಲಿಲ್ಲ. ಹುಡುಕಿಕೊಂಡು ಹೋದರೆ ಗೂಡಿನ ಕೋಣೆಯಲ್ಲಿ ಕೂತಿದ್ದರು, ಒಂದು ಬಿಲ್ಲೆಯನ್ನ ಕೆನ್ನೆಗೆ ಒತ್ತಿ ಹಿಡಿದುಕೊಂಡು.

"ನೋಡಮ್ಮ, ನನಗೆ ಸರಿಯಾಗಿ ಗೊತ್ತಾಗಲ್ಲ. ಅವಳೇ ನೋಡ್ತಿದ್ದಿದ್ದು" ಅಂದರು.

ನಾನು ತಗೊಂಡು ನನ್ನ ಕೆನ್ನೆಗೆ ಇಟ್ಟೆ. ತಣ್ಣಗಿರಲಿಲ್ಲ. ಒಂದೂ ಸೀಳಿರಲಿಲ್ಲ. ನನಗೆ ಅದನ್ನ ಎತ್ತಿ ಗೋಡೆಗೆ ಹೊಡೆಯೋಷ್ಟು ಸಿಟ್ಟು ಬಂತು. ಹೊಡೆಯಲಿಲ್ಲ. ಒಣಗಿದೆಯಪ್ಪ ಅಂದೆ.

ಅಪ್ಪ ಆರು ಬಿಲ್ಲೆ ಆರಿಸಿದರು. ಉಪ್ಪುಕಾಗದ ತಂದು ಉಜ್ಜೋಕೆ ಕೂತರು. ನಾನೂ ಕೂತೆ. ಅಂಚಿನಲ್ಲಿ ತೊಗಟೆ ಹಾಗೇ ಬಿಟ್ಟೆವು, ಮುಖ ಮಾತ್ರ ಉಜ್ಜಿ ಉಜ್ಜಿ ನುಣುಪು ಮಾಡಿದೆವು. ಹುಡಿ ನಮ್ಮ ತಲೆ, ರೆಪ್ಪೆ ಮೇಲೆಲ್ಲ ಕೂತಿತು. ಆಮೇಲೆ ಜೇನುಮೇಣ ಕರಗಿಸಿ, ಹಳೇ ಪಂಚೆ ಚೂರಿನಲ್ಲಿ ತಿಕ್ಕಿದೆವು. ಮೇಣ ಹತ್ತಿದಾಗ ಮರದೊಳಗಿನ ಸುತ್ತುಗಳು ಒಂದೊಂದಾಗಿ ಎದ್ದು ಕಂಡವು. ಅಲ್ಲಾಡುತ್ತೆ ಅಂತ ಅಮ್ಮ ಅಂದಿದ್ದಳಲ್ಲ, ಅಪ್ಪ ಪ್ರತಿಯೊಂದನ್ನೂ ಕಡಪಾ ಕಲ್ಲಿನ ಮೇಲಿಟ್ಟು, ಅಮ್ಮನ ಲೋಟ ಇಟ್ಟು ನೋಡಿದರು. ಒಂದೂ ಅಲ್ಲಾಡಲಿಲ್ಲ. ಅಪ್ಪ ಅಷ್ಟು ಚೆನ್ನಾಗಿ ಮಾಡಿದ ಮರಗೆಲಸ ಅದೊಂದೇ. ನೋಡಬೇಕಾದವಳು ನೋಡಲಿಲ್ಲ.

ಆ ಬೇಸಿಗೆಯಲ್ಲಿ ಅಪ್ಪನೂ ನಾನೂ ಗೌರಿಬಿದನೂರಿಗೆ ಹೊರಟೆವು. ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಾಯಿಸಿದೆವು. ಮಂಚೇನಹಳ್ಳಿ ತಿರುವಿನಲ್ಲಿ ಯಾರಿಗೂ ವಾಂತಿ ಬರಲಿಲ್ಲ, ರಸ್ತೆ ಅಷ್ಟೇನೂ ಕೆಟ್ಟದಿರಲಿಲ್ಲ. ಅಪ್ಪ ಬಿಲ್ಲೆಗಳನ್ನ ಅಮ್ಮನ ಹಳೇ ಸೀರೆ ತುಂಡಿನಲ್ಲಿ ಸುತ್ತಿ ತೊಡೆ ಮೇಲಿಟ್ಟುಕೊಂಡಿದ್ದರು, ದಾರಿಯುದ್ದಕ್ಕೂ ಕೈ ತೆಗೆಯಲಿಲ್ಲ.

ಆ ಹುಡುಗಿ ಕಾಲಿಗೆ ನೀರು ಕೊಟ್ಟಳು, ಒಲೆ ಮೇಲೆ ಕಾಫಿಗೆ ಇಟ್ಟಳು. ಅಪ್ಪ ಗಂಟು ಬಿಚ್ಚಿ ಬಿಲ್ಲೆಗಳನ್ನ ಅವಳ ಕೈಗೆ ಕೊಟ್ಟು, "ನಿಮ್ಮತ್ತೆ ನಿನಗೆ ಅಂತ ಮಾಡಿಸಿದ್ದು ಕಣಮ್ಮ" ಅಂದರು. ಅವಳು ಒಂದೊಂದನ್ನೇ ನೋಡಿ, ಮೇಜಿನ ಮೇಲೆ ಒಬ್ಬೊಬ್ಬರ ಮುಂದೆ ಒಂದೊಂದು ಇಟ್ಟಳು. ತಮ್ಮನೂ ಬಂದು ಕೂತ. ಅಪ್ಪ ಹುಡುಕಿಕೊಂಡು ಹೋಗಿ, ಅವತ್ತು ಅಮ್ಮ ಕೂತಿದ್ದ ಕುರ್ಚಿಯಲ್ಲೇ ಕೂತರು. ಕೂತು, ಬಿಲ್ಲೆ ಪಕ್ಕಕ್ಕೆ ಸರಿಸಿ, ಅಂಗೈಯಲ್ಲಿ ಮೇಜು ಸವರಿದರು. ಬಗ್ಗಿ ನೋಡಿದರು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು. ನಾನೂ ನೋಡಿದೆ. ಮೇಜು ಹೊಸದರ ಹಾಗೆ ಹೊಳೀತಿತ್ತು.

"ಇಲ್ಲೇ ಇತ್ತಲ್ಲಮ್ಮ" ಅಂದರು ಅಪ್ಪ.

ಏನು ಅಂತ ಯಾರೂ ಕೇಳಲಿಲ್ಲ. ಅಷ್ಟು ದಿನ ಯಾರೂ ಬಾಯಿ ಬಿಟ್ಟಿರದ ವಿಷಯ, ಎಲ್ಲರಿಗೂ ಗೊತ್ತೇ ಇತ್ತು. ಆ ಹುಡುಗಿ ಒಳಗಿಂದ ತಂದ ಕಾಫಿ ಲೋಟದ ತಟ್ಟೆ ಹಿಡಿದುಕೊಂಡೇ ನಿಂತಿದ್ದಳು.

"ಸಂಕ್ರಾಂತಿಗೆ ಅತ್ತೆ ಬರ್ತೀನಿ ಅಂದ್ರಲ್ಲ ಮಾವ. ಅವರ ಕಣ್ಣಿಗೆ ಬೀಳಬಾರದು ಅಂತ, ಇವರಿಗೂ ಹೇಳದೆ ಆಳು ಕರೆಸಿ ಪೂರ್ತಿ ಕೆರೆಸಿ ಪಾಲಿಶ್ ಹಾಕ್ಸಿಬಿಟ್ಟೆ. ಅದನ್ನ ನೋಡಿ ಮತ್ತೆ ಬಾಗಿಲಲ್ಲಿ ನಿಂತ್ಕೋತಾರೇನೋ ಅಂತ." ಅಷ್ಟು ಹೇಳಿ ಅವಳು ಅತ್ತುಬಿಟ್ಟಳು. ತಮ್ಮ ಎದ್ದು ಅವಳ ಕೈಯಿಂದ ತಟ್ಟೆ ಇಸ್ಕೊಂಡ. ಅಮ್ಮನದು ಅಂತ ಆ ಮನೆಯಲ್ಲಿ ಇದ್ದಿದ್ದು ಆ ಗುರುತು ಒಂದೇ. ಅಮ್ಮನಿಗೋಸ್ಕರವೇ ಅದನ್ನ ಅಳಿಸಿದ್ದಳು. ಅವಳನ್ನ ಏನಂತ ಬೈಯಲಿ.

ಅಪ್ಪ ತಮ್ಮನ ಕೈಲಿದ್ದ ತಟ್ಟೆಯಿಂದ ಒಂದು ಲೋಟ ತೆಗೆದುಕೊಂಡರು. ಹೊಗೆಯಾಡ್ತಿತ್ತು. ಮುಂದಿದ್ದ ಬಿಲ್ಲೆ ಮೇಲೆ ಇಡ್ತಾರೆ ಅಂದುಕೊಂಡೆವು. ಇಡಲಿಲ್ಲ. ಬಿಲ್ಲೆಯನ್ನ ಇನ್ನೂ ಅತ್ತ ತಳ್ಳಿ, ಲೋಟವನ್ನ ಬರೀ ಮೇಜಿನ ಮೇಲೆ, ಅಮ್ಮ ಇಟ್ಟಿದ್ದ ಜಾಗದಲ್ಲೇ ಇಟ್ಟರು. ತಮ್ಮನ ಹೆಂಡತಿ ಕಣ್ಣೊರೆಸಿಕೊಂಡು ನೋಡ್ತಾ ನಿಂತಳು. ನಾವು ನಮ್ಮ ನಮ್ಮ ಕಾಫಿ ಕುಡಿದೆವು. ಅಪ್ಪ ಮಳೆ ವಿಷಯ ಮಾತಾಡಿದರು, ತೊಂಡೇಬಾವಿ ಕಡೆಯ ರೈಲು ಎಷ್ಟು ಹೊತ್ತಿಗೆ ಅಂತ ತಮ್ಮನನ್ನ ಕೇಳಿದರು. ಅವರ ಕಾಫಿ ಅಲ್ಲೇ ಇತ್ತು. ಕೆನೆ ಕಟ್ಟಿತು, ಆರಿತು.

ಆಮೇಲೆ ಲೋಟ ಎತ್ತಿದರು. ನಾವು ನಾಲ್ಕೂ ಜನ ಬಗ್ಗಿ ನೋಡಿದೆವು. ಒಂದು ಸುತ್ತು ಹಬೆಯ ಪಸೆ ನಿಂತಿತ್ತು. ನೋಡ್ತಾ ಇರೋವಾಗಲೇ ಅದೂ ಆರಿಹೋಯಿತು. ಅಡಿಯಲ್ಲಿ ಏನೂ ಇರಲಿಲ್ಲ.

ಅಪ್ಪ ಒಂದು ಸಲ ಬೆರಳಲ್ಲಿ ಆ ಜಾಗ ಮುಟ್ಟಿದರು. "ಒಳ್ಳೇ ಪಾಲಿಶ್ ಹಾಕ್ಸಿದ್ದೀಯ ಕಣಮ್ಮ" ಅಂದರು. "ಇನ್ನು ಇದರ ಮೇಲೆ ಯಾರ ಗುರುತೂ ಬೀಳಲ್ಲ."